ಫೀಸು ಕೊಡುವವರು ಒಬ್ಬರು, ಕಕ್ಷಿದಾರರು ಇನ್ನೊಬ್ಬರು

ಪ್ರಶ್ನೆ: ನಾನು ಎಲ್‌ಎಲ್‌ಬಿ ಮುಗಿಸಿ ಸನ್ನದು ಪಡೆದು ಎರಡು ವರ್ಷವಾಯಿತು. ಊರು ಚಳ್ಳಕೆರೆ ತಾಲ್ಲೂಕು. ಚಿತ್ರದುರ್ಗದಲ್ಲಿ ಒಬ್ಬ ಸೀನಿಯರ್ ಹತ್ತಿರ ಜೂನಿಯರ್ ಆಗಿದ್ದೇನೆ. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ, ಮಾತ್ರೆ ತೆಗೆದುಕೊಂಡು ಚೆನ್ನಾಗಿಯೇ ಇದ್ದಾನೆ. ಅವನ ಜೊತೆ ಆಸ್ಪತ್ರೆ, ಕಚೇರಿ ಎಂದು ಅಲೆದೂ ಅಲೆದೂ ಅಂಗವಿಕಲರ ಹಕ್ಕು ಮತ್ತು ಮಾನಸಿಕ ಆರೋಗ್ಯದ ಕಾನೂನಿನಲ್ಲೇ ವಕೀಲಿಕೆ ಮಾಡಬೇಕು ಅನ್ನಿಸಿದೆ. ಸೀನಿಯರ್‌ಗೆ ಹೇಳಿದರೆ "ಅದು ಎನ್‌ಜಿಒ ಕೆಲಸ ಕಣಮ್ಮಾ, ವಕೀಲಿಕೆ ಅಲ್ಲ" ಎಂದು ನಗುತ್ತಾರೆ. ಇದಕ್ಕೆ ಬೆಂಗಳೂರಿಗೇ ಹೋಗಬೇಕೇ? ಹೊಟ್ಟೆ ತುಂಬುತ್ತದೆಯೇ? ಇನ್ನೊಂದು ವಿಷಯ: ಅಪ್ಪ ತೀರಿಕೊಂಡ ಮೇಲೆ ಜಮೀನು ಪಾಲಾಗಬೇಕಿದೆ. ಅಣ್ಣನ ಪಾಲಿಗೆ ನಾನೇ ಗಾರ್ಡಿಯನ್ ಆಗಿ ಅರ್ಜಿ ಹಾಕಲಿ ಎಂಬುದು ಅಮ್ಮನ ಆಸೆ. ಹಾಕಬಹುದೇ? ಅಣ್ಣನ ಕಾಯಿಲೆಯ ವಿಷಯವನ್ನು ಕೋರ್ಟಿನವರ ಹತ್ತಿರ ಹೇಳಿಕೊಳ್ಳಬೇಕೇ, ಮುಚ್ಚಿಡಬೇಕೇ?

ಉತ್ತರ, ದಾವಣಗೆರೆಯ ಹಿರಿಯ ವಕೀಲರೊಬ್ಬರಿಂದ:

ಬೆಂಗಳೂರಿಗೆ ಹೋಗಬೇಕಿಲ್ಲ. ನಿಮ್ಮ ಸೀನಿಯರ್ ನಗುವುದರಲ್ಲಿ ಅರ್ಧ ನಿಜವಿದೆ. "ಅಂಗವಿಕಲರ ಹಕ್ಕುಗಳ ವಕೀಲರು" ಎಂದು ಬೋರ್ಡು ಹಾಕಿಕೊಂಡು ಕೂತರೆ ದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ಮೆಟ್ಟಿಲು ಹತ್ತುವವರು ಕಡಿಮೆ. ಉಳಿದರ್ಧ ಅವರ ಕಣ್ಣಿಗೆ ಬಿದ್ದಿಲ್ಲ. ಆ ಕೇಸುಗಳು ಅವರ ಕಪಾಟಿನಲ್ಲೇ ಬೇರೆ ಬೇರೆ ಹೆಸರು ಹೊತ್ತು ಕೂತಿವೆ: ಎಂ.ವಿ.ಸಿ. (ವಾಹನ ಅಪಘಾತದ ಪರಿಹಾರದ ಕೇಸು), ಪಾಲು ದಾವೆ, ವಿಚ್ಛೇದನ, ಸರ್ವಿಸ್ ಮ್ಯಾಟರ್ (ನೌಕರಿಯ ತಕರಾರು), ಜಾಮೀನು ಅರ್ಜಿ. ಅಂಗವಿಕಲರ ಹಕ್ಕಿನ ವಕೀಲಿಕೆ ಅಂದರೆ ಬಹುಪಾಲು ಈ ಫೈಲುಗಳನ್ನೇ ಬೇರೆ ಪ್ರಶ್ನೆ ಇಟ್ಟುಕೊಂಡು ಓದುವುದು.

ಎಂ.ವಿ.ಸಿ.ಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಎರಡೂ ಜಿಲ್ಲೆಗಳನ್ನು ಹಾದುಹೋಗುತ್ತದೆ, ಹಿರಿಯೂರಿನಿಂದ ಹರಿಹರದವರೆಗೆ ಅಪಘಾತಕ್ಕೆ ಬರವಿಲ್ಲ. ಅಂಗವಿಕಲತೆಯ ಶೇಕಡಾವಾರು ಎಂದರೇನು, ವೈದ್ಯರ ಪಾಟೀಸವಾಲು ಹೇಗೆ ಮಾಡಬೇಕು ಎಂಬುದೆಲ್ಲ ಜಿಲ್ಲಾ ಕೋರ್ಟಿನ ವಕೀಲರಿಗೆ ಗೊತ್ತಿರುವುದೇ ಈ ಕೇಸುಗಳಿಂದ. 2010ರಲ್ಲಿ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಒಂದು ಮಾತು ಸ್ಪಷ್ಟ ಮಾಡಿತು. ವೈದ್ಯರು ಕೊಡುವ ಶೇಕಡಾವಾರು ಬೇರೆ, ಆ ಮನುಷ್ಯನ ದುಡಿಮೆಗೆ ಬಿದ್ದ ಪೆಟ್ಟು ಬೇರೆ. ಎಡಗೈ ಹೋದ ಡ್ರೈವರ್ ಅಥವಾ ಬಡಗಿಗೆ ದುಡಿಮೆ ಪೂರ್ತಿ ನಿಂತಂತೆಯೇ, ಅದೇ ಕೈ ಹೋದ ಸರ್ಕಾರಿ ಗುಮಾಸ್ತರಿಗೆ ಸಂಬಳ ಕಡಿಮೆಯಾಗದಿರಬಹುದು. ಇದನ್ನು ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರೊಬ್ಬರ ಕೇಸಿಗೆ ಹಚ್ಚಿ ನೋಡಿ.

ಇಲ್ಲಿ ನಮ್ಮವರು ಕೈಬಿಡುವ ಒಂದು ವಿಷಯವಿದೆ. ತಲೆಗೆ ಪೆಟ್ಟು ಬಿದ್ದವರ ಫೈಲಿನಲ್ಲಿ ಮೂಳೆ ಡಾಕ್ಟರ ಸರ್ಟಿಫಿಕೇಟು ಇರುತ್ತದೆ, ಕಾಲಿನ ಎಕ್ಸ್‌ರೇ ಇರುತ್ತದೆ. ಅಪಘಾತ ಆದ ಮೇಲೆ ಆತ ಹೆಂಡತಿಯ ಮೇಲೆ ಕೈ ಮಾಡತೊಡಗಿದ್ದು, ಲೆಕ್ಕ ಮರೆಯತೊಡಗಿದ್ದು, ರಾತ್ರಿ ನಿದ್ದೆ ಇಲ್ಲದ್ದು ಯಾವ ಹಾಳೆಯಲ್ಲೂ ಇರುವುದಿಲ್ಲ. ಮನೆಯವರು ಮರ್ಯಾದೆಗೆ ಅಂಜಿ ಹೇಳುವುದಿಲ್ಲ, ವಕೀಲರು ಕೇಳುವುದಿಲ್ಲ. "ಪೆಟ್ಟು ಬಿದ್ದ ಮೇಲೆ ಸ್ವಭಾವ ಬದಲಾಗಿದೆಯಾ?" ಎಂದು ಹೆಂಡತಿಯನ್ನು ಒಂದೇ ಪ್ರಶ್ನೆ ಕೇಳಿ. ಹೌದು ಎಂದರೆ ಮನೋವೈದ್ಯರಲ್ಲಿಗೆ ಕಳಿಸಿ, ಬೇಕಾದರೆ ನಿಮ್ಹಾನ್ಸ್‌ನಲ್ಲಿ ನರಮನೋವೈಜ್ಞಾನಿಕ ಪರೀಕ್ಷೆ ಮಾಡಿಸಿ, ವರದಿಯನ್ನು ಕ್ಲೇಮಿಗೆ ಸೇರಿಸಿ. ಅದೇ ಮನುಷ್ಯ ಸರ್ಕಾರಿ ನೌಕರರಾಗಿದ್ದರೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 20ನೇ ಕಲಂ ಕೂಡ ಕೈಗೆ ಬರುತ್ತದೆ: ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಹುದ್ದೆಗೆ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು, ಬೇರೆ ಹುದ್ದೆ ಸಿಗುವವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು. ಮನಸ್ಸಿನ ಕಾಯಿಲೆಗೆ ಇದೆಲ್ಲ ಅನ್ವಯಿಸುವುದಿಲ್ಲ ಎನ್ನುವ ಅಧಿಕಾರಿಗೆ 2021ರ ಡಿಸೆಂಬರಿನ ರವೀಂದರ್ ಕುಮಾರ್ ಧಾರಿವಾಲ್ ತೀರ್ಪು ತೋರಿಸಿ. ಸಿ.ಆರ್.ಪಿ.ಎಫ್. ಅಧಿಕಾರಿಯೊಬ್ಬರ ಮೇಲಿನ ಶಿಸ್ತು ಕ್ರಮ ಅವರ ಮಾನಸಿಕ ಅಂಗವಿಕಲತೆಗೆ ಹೆಣೆದುಕೊಂಡಿದ್ದಾಗ ಆ ಕ್ರಮವೇ ತಾರತಮ್ಯವಾಗಬಹುದು ಎಂದ ತೀರ್ಪು ಅದು.

ಒಂದೇ ಅಪಘಾತದ ಫೈಲಿನಿಂದ ಎರಡು ಮೂರು ಕೆಲಸ ಹುಟ್ಟುವುದು ಹೀಗೆ. ಇದನ್ನು ನಿಮ್ಮ ಸೀನಿಯರ್‌ಗೆ ಮಾಡಿ ತೋರಿಸಿ, ಎನ್‌ಜಿಒ ಮಾತು ಅಲ್ಲಿಗೆ ನಿಲ್ಲುತ್ತದೆ.

ಕಲಂಗಳನ್ನು ಯಾರಾದರೂ ಕಲಿಯಬಹುದು. ಈ ವಕೀಲಿಕೆಯಲ್ಲಿ ಕಷ್ಟವಾದದ್ದು ನಿಮ್ಮ ಕಕ್ಷಿದಾರರು ಯಾರು ಎಂಬುದನ್ನು ಪ್ರತಿ ಸಲವೂ ಹೊಸದಾಗಿ ಗುರುತಿಸುವುದು. ಒಂದು ಸಂಸಾರ ಆಫೀಸಿಗೆ ಬರುತ್ತದೆ. ಮಾತಾಡುವವರು ಅಣ್ಣ, ಕಾಗದ ಹಿಡಿದವರು ಅತ್ತಿಗೆ, ಫೀಸು ಕೊಡುವವರು ಅಣ್ಣ. ತಮ್ಮ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿರುತ್ತಾನೆ. "ಅವಂಗೇನ್ ತಿಳಿತತಿ ಸಾರ್, ತಲಿ ಸರಿ ಇಲ್ಲ ಅವಂಗೆ. ಹಕ್ಕು ಬಿಡುಗಡೆ ಪತ್ರ ಬರ್ದು ಹೆಬ್ಬೆಟ್ಟು ಒತ್ತಿಸಿ ಬಿಡ್ರಿ, ಸಾಯಾತನಕ ನಾವೇ ನೋಡ್ಕಂತೀವಿ." ಹೀಗೆ ಹೇಳುವವರೆಲ್ಲ ಕೆಟ್ಟವರೇನಲ್ಲ. ಹತ್ತಾರು ವರ್ಷ ಆ ತಮ್ಮನಿಗೆ ಅನ್ನ ಹಾಕಿ, ಔಷಧಿ ಕೊಡಿಸಿ, ಊರಿನ ಮಾತು ಕೇಳಿದವರೂ ಅವರೇ. ಆದರೆ ಆ ಪತ್ರಕ್ಕೆ ಕೈ ಹಚ್ಚಿದ ಕ್ಷಣ ನೀವು ಯಾರ ವಕೀಲರು? ತಲೆ ಸರಿ ಇಲ್ಲ ಎಂಬುದು ನಿಜವಾದರೆ ಹೆಬ್ಬೆಟ್ಟಿಗೆ ಬೆಲೆ ಇಲ್ಲ. ಹೆಬ್ಬೆಟ್ಟಿಗೆ ಬೆಲೆ ಇದೆ ಎಂದಾದರೆ ಆತನನ್ನು ಕೇಳದೆ ಒತ್ತಿಸುವಂತಿಲ್ಲ. ಎರಡೂ ಕಡೆಯಿಂದ ಆ ಪತ್ರ ನಿಲ್ಲುವುದಿಲ್ಲ.

ಕಾನೂನು ಇಲ್ಲಿ ಗೊಂದಲಕ್ಕೆ ಎಡೆ ಕೊಟ್ಟಿಲ್ಲ. 2016ರ ಕಾಯ್ದೆಯ 13ನೇ ಕಲಂ ಪ್ರಕಾರ ಅಂಗವಿಕಲರಿಗೆ ಆಸ್ತಿ ಹೊಂದಲು, ಪಿತ್ರಾರ್ಜಿತ ಪಡೆಯಲು, ತಮ್ಮ ಹಣದ ವ್ಯವಹಾರ ತಾವೇ ನಡೆಸಲು ಎಲ್ಲರಷ್ಟೇ ಹಕ್ಕಿದೆ. ಅದರ 3ನೇ ಉಪಕಲಂ ಇನ್ನೂ ಮುಖ್ಯ: ಬೆಂಬಲ ಕೊಡುವವರಿಗೂ ಅಂಗವಿಕಲ ವ್ಯಕ್ತಿಗೂ ಒಂದು ವ್ಯವಹಾರದಲ್ಲಿ ಹಿತಾಸಕ್ತಿ ಎದುರುಬದುರಾದರೆ, ಆ ವ್ಯವಹಾರದ ಮಟ್ಟಿಗೆ ಅವರು ಪಕ್ಕಕ್ಕೆ ಸರಿಯಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 3ನೇ ಕಲಂ ಹೇಳುವುದು, ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನವಾದ ಮಾತ್ರಕ್ಕೆ ಆ ವ್ಯಕ್ತಿ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದಾಗುವುದಿಲ್ಲ, ಹಾಗೆಂದು ಸಕ್ಷಮ ನ್ಯಾಯಾಲಯವೇ ಘೋಷಿಸಬೇಕು. ಇದು ಈಗ ಹುಟ್ಟಿದ ವಿಚಾರವೂ ಅಲ್ಲ. 1872ರ ಕರಾರು ಕಾಯ್ದೆಯ 12ನೇ ಕಲಂ, ಸಾಮಾನ್ಯವಾಗಿ ಸ್ಥಿಮಿತದಲ್ಲಿಲ್ಲದವರೂ ಸ್ಥಿಮಿತದಲ್ಲಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎನ್ನುತ್ತದೆ. ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿ ಆಫೀಸಿನ ಬಾಗಿಲಲ್ಲಿ ಮರೆತ ಕಲಂ.

ನಾನು ಮಾಡುವುದು ಇಷ್ಟು. ಮನೆಯವರಿಗೆ "ಟೀ ಕುಡಿದು ಬನ್ನಿ" ಎಂದು ಹೊರಗೆ ಕಳಿಸುತ್ತೇನೆ. ಆ ವ್ಯಕ್ತಿಯ ಜೊತೆ ಒಬ್ಬನೇ ಕೂತು ಜಮೀನು ಎಲ್ಲಿದೆ, ಎಷ್ಟಿದೆ, ಪಕ್ಕದ ಹೊಲ ಯಾರದು ಎಂದು ಮಾತಾಡುತ್ತೇನೆ. ಸಹಿ ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂದು ಹೇಳಿ, ಅದನ್ನೇ ಅವರ ಮಾತಿನಲ್ಲಿ ವಾಪಸು ಹೇಳಿಸುತ್ತೇನೆ. 2017ರ ಕಾಯ್ದೆಯ 4ನೇ ಕಲಂ ಚಿಕಿತ್ಸೆಯ ನಿರ್ಧಾರಕ್ಕೆಂದು ಬರೆದದ್ದು, ಆದರೂ ಪ್ರಶ್ನೆ ಕೇಳುವ ಕ್ರಮಕ್ಕೆ ಒಳ್ಳೆಯ ಮಾದರಿ: ವಿಷಯ ತಿಳಿಯುತ್ತದೆಯೇ, ಪರಿಣಾಮ ಗೊತ್ತಾಗುತ್ತದೆಯೇ, ಮಾತಿನಿಂದಲೋ ಸನ್ನೆಯಿಂದಲೋ ತಮ್ಮ ತೀರ್ಮಾನ ತಿಳಿಸಬಲ್ಲರೇ. ಒಂದೇ ಭೇಟಿಗೆ ಮುಗಿಸಬೇಡಿ, ಇನ್ನೊಂದು ದಿನ ಕರೆದು ಮತ್ತೆ ಕೇಳಿ. ಬೆಳಿಗ್ಗೆ ಹತ್ತಕ್ಕೆ ಕರೆಯಬೇಡಿ. ರಾತ್ರಿಯ ಮಾತ್ರೆಯ ಮಂಪರು ಎಷ್ಟೋ ಜನರಿಗೆ ಆ ಹೊತ್ತಿಗೆ ಇಳಿದಿರುವುದಿಲ್ಲ, ಅದನ್ನೇ ನಾವು ಬುದ್ಧಿಮಾಂದ್ಯ ಎಂದುಕೊಳ್ಳುತ್ತೇವೆ. ಆತ "ಬೇಡ" ಎಂದರೆ ಪತ್ರ ಬರೆಯುವುದಿಲ್ಲ, ಅಣ್ಣನ ಫೀಸು ವಾಪಸು. ಹೀಗೆ ಕೆಲವು ಕೇಸು ಕೈತಪ್ಪುತ್ತವೆ. ಅದೇ ಪತ್ರವನ್ನು ಪಕ್ಕದ ಆಫೀಸಿನಲ್ಲಿ ಮಧ್ಯಾಹ್ನದೊಳಗೆ ಬರೆಸಿಕೊಂಡು ಹೋದವರನ್ನೂ ನೋಡಿದ್ದೇನೆ.

ಈಗ ನಿಮ್ಮ ಮನೆಯ ವಿಷಯ. ಗಾರ್ಡಿಯನ್ ಅರ್ಜಿ ನೀವು ಹಾಕಬಾರದು. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ಇಂಥವರ ಆಸ್ತಿಗೆ ಮೇಲ್ವಿಚಾರಕರನ್ನು ನೇಮಿಸುವ ಅಧ್ಯಾಯ ಇತ್ತು. ಹಳೆಯ ವಕೀಲರ ನೆನಪಿನಲ್ಲಿರುವುದು ಅದೇ. 2018ರ ಮೇ 29ರಂದು ಹೊಸ ಕಾಯ್ದೆ ಜಾರಿಗೆ ಬಂದಾಗ ಅದು ಹೋಯಿತು, ಹೊಸದರಲ್ಲಿ ಆಸ್ತಿಯ ಗಾರ್ಡಿಯನ್ ಎಂಬ ವ್ಯವಸ್ಥೆಯೇ ಇಲ್ಲ. ಡಿ.ಸಿ. ಆಫೀಸಿನಲ್ಲಿ ಯಾರಾದರೂ ನ್ಯಾಷನಲ್ ಟ್ರಸ್ಟ್ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಿ ಎಂದಾರು. 1999ರ ಆ ಕಾಯ್ದೆ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ ಮತ್ತು ಬಹುವಿಧ ಅಂಗವಿಕಲತೆ ಇರುವವರಿಗೆ. ಸ್ಕಿಜೋಫ್ರೇನಿಯಾ ಒಂದೇ ಇದ್ದರೆ ಅದರೊಳಗೆ ಬರುವುದಿಲ್ಲ. ಉಳಿದದ್ದು 2016ರ ಕಾಯ್ದೆಯ 14ನೇ ಕಲಂನ ಸೀಮಿತ ಪಾಲಕತ್ವ. ಸಾಕಷ್ಟು ಬೆಂಬಲ ಕೊಟ್ಟ ಮೇಲೂ ತೀರ್ಮಾನ ತೆಗೆದುಕೊಳ್ಳಲಾಗದವರಿಗೆ ಮಾತ್ರ ಅದು, ಅದೂ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಅವರ ಇಚ್ಛೆಗೆ ಅನುಗುಣವಾಗಿ.

ಅಣ್ಣ ಚೆನ್ನಾಗಿಯೇ ಇದ್ದಾರೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಪಾಲುಪತ್ರಕ್ಕೆ ಅವರೇ ಸಹಿ ಹಾಕಬಹುದು. ಮೇಲಾಗಿ ನೀವು ಸಹ ವಾರಸುದಾರರು. 2005ರ ತಿದ್ದುಪಡಿಯ ಮೇಲೆ ಮಗಳಿಗೂ ಸಮಪಾಲು ಇರುವುದರಿಂದ ಅಣ್ಣನ ಪಾಲು ಕರಗಿದರೆ ಬೆಳೆಯುವುದು ನಿಮ್ಮ ಪಾಲು. ನಿಮ್ಮ ಮನಸ್ಸಿನಲ್ಲಿ ಆ ಯೋಚನೆ ಇಲ್ಲದಿರಬಹುದು, ಕಾನೂನಿನ ಕಣ್ಣಿಗೆ ಮಾತ್ರ ನೀವು 13ನೇ ಕಲಂ ಹೇಳುವ ಎದುರು ಹಿತಾಸಕ್ತಿಯವರು. ಅಣ್ಣನಿಗೆ ಬೇರೆ ವಕೀಲರನ್ನು ನೋಡಿ, ಅವರ ಫೀಸನ್ನು ಅಣ್ಣನ ಕೈಯಿಂದಲೇ ಕೊಡಿಸಿ. ನೋಂದಣಿಯ ಆಸುಪಾಸಿನ ದಿನಾಂಕದಲ್ಲಿ ಅವರ ಡಾಕ್ಟರಿಂದ ಒಂದು ಟಿಪ್ಪಣಿ ಪಡೆದಿಟ್ಟುಕೊಳ್ಳಿ, ನಾಳೆ ದೊಡ್ಡಪ್ಪನ ಮಕ್ಕಳು ತಕರಾರು ತೆಗೆದರೆ ಬೇಕಾಗುತ್ತದೆ. ಮಾತು ದಾವೆಯವರೆಗೂ ಹೋದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮ ಇದೆ, ಆದರೆ ಕೋರ್ಟು ವಿಚಾರಣೆ ಮಾಡಿ ಆ ವ್ಯಕ್ತಿಗೆ ತನ್ನ ಹಿತ ಕಾಯ್ದುಕೊಳ್ಳಲು ಆಗುವುದಿಲ್ಲ ಎಂದು ಕಂಡುಕೊಳ್ಳದೆ ಆತನ ಪರವಾಗಿ ದಾವೆ ನಡೆಸುವ "ಮಿತ್ರ ಪ್ರತಿನಿಧಿ" ಎಂದು ಇನ್ನೊಬ್ಬರ ಹೆಸರು ಹಾಕಿಬಿಡುವಂತಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ನೀವು ಜೊತೆ ನಿಲ್ಲಬಹುದು. 2017ರ ಕಾಯ್ದೆಯ 14ನೇ ಕಲಂ ಪ್ರಕಾರ ಅಣ್ಣ ಬಯಸಿದರೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ನಿಮ್ಮನ್ನು ನಾಮನಿರ್ದೇಶಿತ ಪ್ರತಿನಿಧಿ ಮಾಡಬಹುದು. ಮುಂದೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡ ನಿರ್ದೇಶನವನ್ನೂ ಬರೆದಿಡಬಹುದು. ಉಯಿಲು ಬರೆಸಲು ಬರುವವರಿಗೆ ಇದನ್ನೂ ಹೇಳುವ ವಕೀಲರು ನಮ್ಮಲ್ಲಿ ಕಮ್ಮಿ, ನೀವು ಹೇಳಿ.

ವಿಚ್ಛೇದನದ ಕೇಸುಗಳಲ್ಲಿ ಇದೇ ಪ್ರಶ್ನೆ ಇನ್ನೊಂದು ಮುಖ ತೋರುತ್ತದೆ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಂನಲ್ಲಿ ಮಾನಸಿಕ ಅಸ್ವಸ್ಥತೆ ಒಂದು ಕಾರಣ. ಹೆಂಡತಿಯ ಹಳೆಯ ಔಷಧಿ ಚೀಟಿ ಒಂದನ್ನು ಲಗತ್ತಿಸಿ ಗಂಡ ಅರ್ಜಿ ಹಾಕುವುದು ಮಾಮೂಲು, ಹೆರಿಗೆಯ ನಂತರ ಖಿನ್ನತೆಗೆ ಮೂರು ತಿಂಗಳು ತೆಗೆದುಕೊಂಡ ಮಾತ್ರೆಯ ಚೀಟಿ. 1988ರಲ್ಲೇ ಸುಪ್ರೀಂ ಕೋರ್ಟ್ ರಾಮನಾರಾಯಣ ಗುಪ್ತ ಪ್ರಕರಣದಲ್ಲಿ ಸ್ಕಿಜೋಫ್ರೇನಿಯಾ ಎಂಬ ಹೆಸರಷ್ಟೇ ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರತೆ ಸಾಬೀತಾಗಬೇಕು ಎಂದಿದೆ. ಈಗ 2017ರ ಕಾಯ್ದೆಯ 105ನೇ ಕಲಂ ಕೂಡ ಇದೆ. ಒಬ್ಬರು ಮಾನಸಿಕ ಕಾಯಿಲೆಯ ಪುರಾವೆ ಹಾಜರುಪಡಿಸಿ ಎದುರಿನವರು ಅದನ್ನು ಪ್ರಶ್ನಿಸಿದರೆ ಕೋರ್ಟು ಅದನ್ನು ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿಗೆ ಕಳಿಸಬೇಕು. ಎಷ್ಟೋ ಕಡೆ ಯಾರೂ ಈ ಅರ್ಜಿಯನ್ನೇ ಹಾಕುವುದಿಲ್ಲ. ನೀವು ಒಂದು ಐ.ಎ. (ಮಧ್ಯಂತರ ಅರ್ಜಿ) ಹಾಕಿ, ಎದುರು ವಕೀಲರು ಕಾಯ್ದೆ ತಿರುವಿ ಹಾಕುವುದನ್ನು ನೋಡುವುದೇ ಒಂದು ಖುಷಿ. ಗಂಡನ ಪರವಾಗಿಯೇ ನಿಮ್ಮ ಹತ್ತಿರ ಬಂದರೆ? ಬರುತ್ತಾರೆ. ಕೇಸು ತೆಗೆದುಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ಕಳ್ಳತನದಲ್ಲಿ ತಂದ ಚೀಟಿಯಿಂದ ಕೇಸು ಕಟ್ಟಬೇಡಿ ಎಂಬುದಷ್ಟೇ ನನ್ನ ಮಾತು.

ಪೊಲೀಸ್ ಠಾಣೆ ಮತ್ತು ಮ್ಯಾಜಿಸ್ಟ್ರೇಟ್ ಕೋರ್ಟಿನ ಕೆಲಸ ಚಿಕ್ಕದು, ಬೇಗ ಫಲ ಕೊಡುವಂಥದ್ದು. ದಾವಣಗೆರೆ ರೈಲು ನಿಲ್ದಾಣದಲ್ಲೋ ಹೆದ್ದಾರಿಯ ಡಾಬಾ ಹಿಂದೆಯೋ ನಮ್ಮ ಭಾಷೆ ಬಾರದ ಯಾರೋ ಒಬ್ಬರು ಹರಕು ಬಟ್ಟೆಯಲ್ಲಿ ಅಲೆಯುತ್ತಿರುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ, ಮನೆ ಮಠ ಇಲ್ಲದವರಾದರೆ ಕಾಣೆಯಾದವರೆಂದು ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಕಲಂ ನಮೂದಿಸಿದ ಒಂದು ಪುಟದ ಮನವಿ ಬಹಳ ಸಲ ಸಾಕಾಗುತ್ತದೆ. ಮನೆಯಲ್ಲೇ ಕೂಡಿಹಾಕಿದ್ದರೆ 101 ಮತ್ತು 102ನೇ ಕಲಂ. ಪೊಲೀಸರ ವರದಿಯ ಮೇಲೆ ಮ್ಯಾಜಿಸ್ಟ್ರೇಟರು ಆ ವ್ಯಕ್ತಿಯನ್ನು ಹಾಜರುಪಡಿಸಲು ಹೇಳಿ, ಪರೀಕ್ಷೆಗಾಗಿ ಗರಿಷ್ಠ ಹತ್ತು ದಿನ ಆಸ್ಪತ್ರೆಗೆ ಸೇರಿಸಲು ಆದೇಶಿಸಬಹುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ, 28 ಜನ ಸತ್ತರು. 95ನೇ ಕಲಂ ಈಗ ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ದನದ ಕೊಟ್ಟಿಗೆಯಲ್ಲಿ ಮಗನನ್ನು ಕಟ್ಟಿದ ತಾಯಿಯ ಮೇಲೆ ಕೇಸು ಹಾಕುವ ಮೊದಲು ಆಕೆ ಯಾಕೆ ಕಟ್ಟಿದಳು ಕೇಳಿ. ಹಗಲು ಕೂಲಿಗೆ ಹೋಗದಿದ್ದರೆ ಒಲೆ ಹತ್ತುವುದಿಲ್ಲ, ಬಿಟ್ಟು ಹೋದರೆ ಮಗ ಹೆದ್ದಾರಿಗೆ ಹೋಗುತ್ತಾನೆ. ಆಕೆಗೆ ಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕು, ತಿಂಗಳ ಔಷಧಿ, ಪಿಂಚಣಿ. ಇವುಗಳಿಗೆ ಓಡಾಡುವುದೂ ವಕೀಲಿಕೆಯೇ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗುವವರನ್ನೂ ಹೀಗಳೆಯಬೇಡಿ. ಅಜ್ಜಯ್ಯನ ಗದ್ದುಗೆಗೆ ನಡೆದುಕೊಳ್ಳುವುದನ್ನು ತಡೆಯುವ ಕಾನೂನು ಇಲ್ಲ, ಇರಬೇಕಾಗಿಯೂ ಇಲ್ಲ. ದೆವ್ವ ಬಿಡಿಸುತ್ತೇನೆಂದು ಯಾರಾದರೂ ಹೊಡೆದರೆ, ಹಗ್ಗ ಸರಪಳಿಯಿಂದ ಕಟ್ಟಿದರೆ, ಅದಕ್ಕೆ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ದೇವರೂ ಇರಲಿ ಮಾತ್ರೆಯೂ ಇರಲಿ ಎಂದರೆ ಮನೆಯವರು ಕಿವಿಗೊಡುತ್ತಾರೆ. ದೇವರು ಬೇಡ ಎಂದರೆ ನಿಮ್ಮ ಆಫೀಸಿಗೂ ಬರುವುದಿಲ್ಲ, ಆಸ್ಪತ್ರೆಗೂ ಹೋಗುವುದಿಲ್ಲ.

ಬೆಳೆ ಹೋಗಿ ಸಾಲ ಏರಿದ ವರ್ಷ ವಿಷ ಕುಡಿದು ಬದುಕಿದವರ ಮನೆಗೆ ಪೊಲೀಸರು "ಕೇಸ್ ಆಗುತ್ತದೆ" ಎಂದು ಹೆದರಿಸುವುದು ಇನ್ನೂ ಪೂರ್ತಿ ನಿಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧ ಎಂದಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಕೈಬಿಟ್ಟಿದ್ದಾರೆ. ಸರ್ಕಾರಿ ಅಧಿಕಾರಿಯನ್ನು ಬಲವಂತಕ್ಕೆ ಸಿಲುಕಿಸಲು ಮಾಡಿದ ಯತ್ನಕ್ಕೆ ಮಾತ್ರ 226ನೇ ಕಲಂ ಇದೆ. ಠಾಣೆಗೆ ಒಂದು ಪತ್ರ, ಮನೆಯವರ ಕೈಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಇದಕ್ಕೆ ಫೀಸು ಕೇಳುವ ಮನಸ್ಸು ನಿಮಗೂ ಬರಲಾರದು.

ಬೆಂಗಳೂರು ಎಲ್ಲಿ ಬೇಕಾಗುತ್ತದೆ? ನಮ್ಮೆರಡು ಜಿಲ್ಲೆಗಳ ರಿಟ್ ಅರ್ಜಿ ಹೈಕೋರ್ಟಿನ ಧಾರವಾಡ ಪೀಠಕ್ಕಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತದೆ. ರಾಜ್ಯ ಸರ್ಕಾರಿ ನೌಕರರ ವಿಷಯಕ್ಕೆ ಆಡಳಿತ ನ್ಯಾಯಮಂಡಳಿಯೂ ಅಲ್ಲೇ. ವಿಡಿಯೊ ಕಾನ್ಫರೆನ್ಸ್ ಬಂದ ಮೇಲೆ ಪ್ರತಿ ವಾಯಿದೆಗೂ ರಾತ್ರಿ ಬಸ್ಸು ಹತ್ತುವುದು ತಪ್ಪಿದೆ. ಅದಕ್ಕಿಂತ ಮೊದಲು ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಬರೆದು ನೋಡಿ. ಅವರಿಗೆ ಸಮನ್ಸ್ ಕಳಿಸಿ ದಾಖಲೆ ತರಿಸುವ ಅಧಿಕಾರ ಇದೆ, ಅವರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಇಲಾಖೆ ಮೂರು ತಿಂಗಳಲ್ಲಿ ತಿಳಿಸಬೇಕು. ಅಂಗವಿಕಲರ ಮೇಲಿನ ದೌರ್ಜನ್ಯಕ್ಕೆ 2016ರ ಕಾಯ್ದೆಯ 92ನೇ ಕಲಂ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ, ವಿಚಾರಣೆ ಸೆಷನ್ಸ್ ಮಟ್ಟದ ವಿಶೇಷ ನ್ಯಾಯಾಲಯದಲ್ಲಿ. ಸಂತ್ರಸ್ತೆ ಅಂಗವಿಕಲೆಯಾದರೆ ಆಕೆಯ ಸಾಕ್ಷ್ಯಕ್ಕೆ ಕಡಿಮೆ ಬೆಲೆ ಎನ್ನುವ ವಾದ ಬಂದಾಗ 2021ರ ಪಟನ್ ಜಮಾಲ್ ವಲಿ ತೀರ್ಪು ಓದಿ ಹೇಳಿ. ಕಣ್ಣು ಕಾಣದ ಯುವತಿ ದನಿಯಿಂದ ಆರೋಪಿಯನ್ನು ಗುರುತಿಸಿದ ಪ್ರಕರಣ ಅದು.

ನಿಮಗೆ ಜೊತೆಯಾಗುವವರು ವಕೀಲರ ಸಂಘದಲ್ಲಿ ಸಿಗುವುದು ಕಡಿಮೆ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ನಾವು ವಿಆರ್‌ಡಬ್ಲ್ಯು ಎನ್ನುವವರು, ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಎಂಆರ್‌ಡಬ್ಲ್ಯು. ಬಹುಪಾಲು ಅವರೇ ಅಂಗವಿಕಲರು, ಗೌರವಧನಕ್ಕೆ ದುಡಿಯುವವರು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಯಾಕೆ ತಿರಸ್ಕೃತವಾಗಿದೆ, ಅಂಗವಿಕಲರಿಗೆಂದು ಮೀಸಲಾದ ಪಂಚಾಯಿತಿಯ ಶೇ 5ರ ಹಣ ಎಲ್ಲಿ ಖರ್ಚಾಗಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ ಇದೆ. ಮಕ್ಕಳ ಬೌದ್ಧಿಕ ಅಂಗವಿಕಲತೆ, ಮಾತು, ಶ್ರವಣದ ತಪಾಸಣೆಗೆ ದುರ್ಗದವರೂ ಅಲ್ಲಿಗೇ ಬರುತ್ತಾರೆ. ಹೋಗಿ ಕೂತು ನೋಡಿ. ಸನ್ನೆ ಭಾಷೆಯ ದುಭಾಷಿಗಳ ಪರಿಚಯ ಮಾಡಿಕೊಳ್ಳಿ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನಲ್ಲಿ ಹಾಜರಾದರು. ಜಿಲ್ಲಾ ಕೋರ್ಟಿನಲ್ಲಿ ಕಿವುಡ ಸಾಕ್ಷಿಯ ಹೇಳಿಕೆಯನ್ನು ಇಂದಿಗೂ ಪಕ್ಕದ ಮನೆಯವರಿಂದ ಅರ್ಥ ಹೇಳಿಸಿ ಬರೆದುಕೊಳ್ಳುವುದುಂಟು.

ಹಣದ ವಿಷಯ. ಇದರಿಂದ ಮಾತ್ರ ಮನೆ ನಡೆಸುತ್ತೇನೆಂದು ಮೊದಲ ವರ್ಷಗಳಲ್ಲಿ ಹೊರಡಬೇಡಿ. ಎಂ.ವಿ.ಸಿ., ಸಿವಿಲ್, ಕುಟುಂಬ ನ್ಯಾಯಾಲಯದ ಕೆಲಸ ಅನ್ನ ಹಾಕುತ್ತದೆ, ಅದನ್ನು ಬಿಡಬೇಡಿ. ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಮಾತಾಡಿಕೊಳ್ಳುವ ಚಾಳಿ ನಮ್ಮಲ್ಲಿ ಇದೆ. ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ, ಹಾಸಿಗೆ ಹಿಡಿದವನ ಪರಿಹಾರದಲ್ಲಿ ಪಾಲು ಕೇಳಲು ನಾಲಗೆಯೂ ಏಳಬಾರದು. ನಿಗದಿತ ಫೀಸು ಹೇಳಿ, ಕಂತಿನಲ್ಲಿ ತೆಗೆದುಕೊಳ್ಳಿ. ಇನ್ನು ಕಾನೂನು ಸೇವಾ ಪ್ರಾಧಿಕಾರ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಅಂಗವಿಕಲರಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಕೊಡುತ್ತದೆ, 2017ರ ಕಾಯ್ದೆಯ 27ನೇ ಕಲಂ ಮಾನಸಿಕ ಕಾಯಿಲೆ ಇರುವವರಿಗೂ ಕೊಡುತ್ತದೆ. ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರಿಗೆ ಸಿಗುವ ಹಣ ಅಲ್ಪ, ಬರುವುದೂ ತಡ. ಆದರೆ ಅಲ್ಲಿ ಫೀಸು ಕೊಡುವುದು ಸರ್ಕಾರ, ಅಣ್ಣನೂ ಅಲ್ಲ ಗಂಡನೂ ಅಲ್ಲ. ಕಕ್ಷಿದಾರರು ಯಾರು ಎಂಬ ಗೊಂದಲವೇ ಹುಟ್ಟುವುದಿಲ್ಲ. ನನ್ನ ಮಟ್ಟಿಗೆ ಆ ಅನುಕೂಲ ಹಣಕ್ಕಿಂತ ದೊಡ್ಡದು.

ಅಣ್ಣನ ಕಾಯಿಲೆಯನ್ನು ಕೋರ್ಟಿನವರಿಗೆ ಹೇಳಿಕೊಳ್ಳಬೇಕೇ ಎಂಬುದನ್ನು ನೀವು ನನ್ನನ್ನು ಕೇಳಿದ್ದೀರಿ, ಅವರನ್ನು ಕೇಳಬೇಕಿತ್ತು. ಅದು ಅವರ ವಿಷಯ. ಅವರು ಹೇಳು ಎಂದರೆ ಹೇಳಿ, ಬೇಡ ಎಂದರೆ "ಮನೆಯಲ್ಲಿ ನೋಡಿದ್ದೇನೆ" ಎಂಬ ಅರ್ಧ ಮಾತೂ ಬೇಡ, ದುರ್ಗದಂಥ ಊರಿನಲ್ಲಿ ಉಳಿದರ್ಧವನ್ನು ಜನರೇ ತುಂಬಿಸಿಕೊಳ್ಳುತ್ತಾರೆ. ಕಕ್ಷಿದಾರರ ವಿಶ್ವಾಸ ಗಳಿಸಲು ಅಣ್ಣನ ಕಥೆ ಬಳಸುವುದಂತೂ ಬೇಡವೇ ಬೇಡ. ಕೆಲವು ಕೇಸುಗಳು ನಿಮ್ಮ ಮನೆಯ ಹಾಗೆಯೇ ಕಾಣುತ್ತವೆ, ರಾತ್ರಿ ನಿದ್ದೆ ಕೆಡಿಸುತ್ತವೆ. ಅಂಥದ್ದು ಬಂದರೆ ಇನ್ನೊಬ್ಬ ವಕೀಲರಿಗೆ ಕೊಟ್ಟುಬಿಡಿ. 14416 ವಕೀಲರಿಗೂ ಇರುವ ನಂಬರು.

ಪ್ಯಾನೆಲ್‌ಗೆ ಸಾಮಾನ್ಯವಾಗಿ ಮೂರು ವರ್ಷದ ಅನುಭವ ಕೇಳುತ್ತಾರೆ, ನಿಮಗೆ ಇನ್ನೊಂದು ವರ್ಷ ಇದೆ. ಅಷ್ಟರಲ್ಲಿ 2016 ಮತ್ತು 2017ರ ಎರಡೂ ಕಾಯ್ದೆಗಳನ್ನು ಗೈಡಿನಲ್ಲಲ್ಲ, ಮೂಲದಲ್ಲೇ ಓದಿ ಮುಗಿಸಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದ ಹೊರರೋಗಿಗಳ ಸಾಲಿನಲ್ಲಿ ಅಣ್ಣನ ಜೊತೆ ಹೋದಾಗಲೇ ಉಳಿದವರು ಯಾವ ಕಾಗದಕ್ಕೆ ಅಲೆಯುತ್ತಿದ್ದಾರೆ ಕೇಳಿಕೊಳ್ಳಿ. ಸೀನಿಯರ್ ಒಪ್ಪಿದರೆ ಅವರ ಎಂ.ವಿ.ಸಿ. ಫೈಲುಗಳಲ್ಲಿ ತಲೆಗೆ ಪೆಟ್ಟಾದವರನ್ನು ಬೇರೆ ತೆಗೆದಿಡಿ. ಪಾಲಿನ ವಿಷಯಕ್ಕೆ ಮಾತ್ರ ವರ್ಷ ಕಾಯಬೇಡಿ. ಗ್ರಾಮ ಆಡಳಿತಾಧಿಕಾರಿಯಿಂದ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ವಂಶವೃಕ್ಷ ಬರೆಸುವಾಗ ಅಣ್ಣನ ಹೆಸರು ಅದರಲ್ಲಿ ಇದೆಯೇ ನೋಡಿ, ಫೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ಬದಲಾವಣೆ) ಎಲ್ಲರ ಹೆಸರಿಗೂ ಜಂಟಿಯಾಗಿ ಆಗಲಿ, ಪಹಣಿ ಬಂದ ಮೇಲೆ ಒಂದು ಪ್ರತಿಯನ್ನು ಅಣ್ಣನ ಕೈಗೇ ಕೊಡಿ. ಇಂಥವರ ಹೆಸರು ದಾಖಲೆಯಿಂದ ಬಿಟ್ಟುಹೋಗುವುದು ಸಾಮಾನ್ಯವಾಗಿ ಕೋರ್ಟಿನಲ್ಲಲ್ಲ, ಆ ವಂಶವೃಕ್ಷದಲ್ಲೇ.